ನೋಡೋಣ ಅಂದವನು

"ಫಸ್ಟ್ ಇಯರಾ? ಸಾರಿ... ಮುಂದಿನ ವರ್ಷ ಬನ್ನಿ."

ಕೊವೆಂಟ್ರಿಯ ಯೂನಿವರ್ಸಿಟಿ ಹಾಲ್‌ನಲ್ಲಿ ನಡೆಯುತ್ತಿದ್ದ ಉದ್ಯೋಗ ಮೇಳದಲ್ಲಿ ಸೃಷ್ಟಿ ಬೆಳಗ್ಗೆಯಿಂದ ಇದೇ ಮಾತನ್ನು ಕೇಳಿ ಕೇಳಿ ಸುಸ್ತಾಗಿದ್ದಳು.

"ಹಾಳಾಗ್ಹೋಗ್ಲಿ ಎಲ್ಲಾ!" ಎಂದು ಕನ್ನಡದಲ್ಲೇ ಗೊಣಗಿದಳು. ಇಲ್ಲಿ ಯಾರಿಗೆ ತಿಳಿಯಬೇಕು?

"ನಾನೂ ಹಾಳಾಗ್ಬೇಕಾ?"

ಬೆಚ್ಚಿ ತಿರುಗಿದಳು. ಪಕ್ಕದ ಪುಟ್ಟ ಸ್ಟಾಲ್‌ನ ಹಿಂದೆ ಒಬ್ಬ ಹುಡುಗ ನಗು ತಡೆಯಲಾಗದೆ ನಿಂತಿದ್ದ. ಹೆಸರು ತುಷಾರ್. ಹುಟ್ಟಿದ್ದು, ಬೆಳೆದಿದ್ದು ಕೊವೆಂಟ್ರಿಯಲ್ಲೇ. ಅಪ್ಪ ಅಮ್ಮ ಮಂಗಳೂರು ಕಡೆಯವರು. ಈಗ ಥರ್ಡ್ ಇಯರ್. ಕಳೆದ ಬೇಸಿಗೆಯಲ್ಲಿ ಒಂದು ಸಣ್ಣ ಮೋಟರ್ ಕಾರ್ಖಾನೆಯಲ್ಲಿ ಇಂಟರ್ನ್ ಆಗಿದ್ದವನನ್ನು ಕಾರ್ಖಾನೆಯವರೇ ಇವತ್ತು ತಮ್ಮ ಸ್ಟಾಲ್‌ನಲ್ಲಿ ನಿಲ್ಲಿಸಿದ್ದರು.

ಆ ಕಣ್ಣುಗಳಲ್ಲಿ ಏನಿತ್ತೋ... ಸೃಷ್ಟಿಗೆ ಅಳು ಉಕ್ಕಿ ಬಂತು. ಗುರುತು ಪರಿಚಯವಿಲ್ಲದವನ ಮುಂದೆ ಎಲ್ಲ ಹೇಳಿಬಿಟ್ಟಳು!

ಅವಳ ಅಪ್ಪ ಡಾಕ್ಟರ್ ರಾಜಶೇಖರ, ಮ್ಯಾಂಚೆಸ್ಟರ್‌ನ ವಿದನ್‌ಶಾ ಆಸ್ಪತ್ರೆಯಲ್ಲಿ ಕೆಲಸ. ಮಗಳೂ ಡಾಕ್ಟರ್ ಆಗಬೇಕೆಂದು ಅವರ ಆಸೆ. ಹಟ ಮಾಡಿ ಇಂಜಿನಿಯರಿಂಗ್ ಸೇರಿದವಳಿಗೆ ಅವರು ಹಾಕಿದ್ದು ಒಂದೇ ಷರತ್ತು. ಈಸ್ಟರ್ ಒಳಗೆ ಬೇಸಿಗೆಯ ಇಂಟರ್ನ್‌ಶಿಪ್ ಸಿಗಬೇಕು. ಇಲ್ಲದಿದ್ದರೆ ಓದು ಬಿಟ್ಟು ಮನೆಗೆ ಬಂದು ಮೆಡಿಸಿನ್‌ಗೆ ತಯಾರಿ!

"ನಿಮ್ಮ ಕಂಪನೀಲಿ ಒಂದೇ ಒಂದು ಚಾನ್ಸ್ ಕೊಡ್ಸಿ, ಪ್ಲೀಸ್..."

ತುಷಾರ್ ಒಂದು ಕ್ಷಣ ಯೋಚಿಸಿದ. "ಓಕೆ. ನೋಡೋಣ."

ಸೃಷ್ಟಿಯ ಮುಖ ಬಾಡಿತು.

ನಮ್ಮವರ 'ನೋಡೋಣ' ಅಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕೇ? ಹೋಗಲು ಮನಸ್ಸಿಲ್ಲದ ಮದುವೆಗೆ ಕರೆದರೆ ನೋಡೋಣ. ಮಕ್ಕಳು ನಾಯಿಮರಿ ಬೇಕೆಂದು ಅತ್ತರೆ ನೋಡೋಣ. ಹನ್ನೆರಡು ವರ್ಷ ಮೈಸೂರಿನಲ್ಲಿ ಬೆಳೆದ ಹುಡುಗಿಗೆ ಇದು ಗೊತ್ತಿರದೆ ಇರುತ್ತದೆಯೇ!

'ಆಗಲ್ಲ ಅಂತ ನೆಟ್ಟಗೆ ಹೇಳೋಕೆ ಏನಾಗಿತ್ತು ಇವನಿಗೆ?'

"ಥ್ಯಾಂಕ್ಸ್," ಎಂದವಳೇ ಸರಸರನೆ ನಡೆದುಬಿಟ್ಟಳು. "ಹಲೋ, ನಿಮ್ಮ ಸಿವಿ..." ಎಂದು ಅವನು ಕೂಗಿದ್ದು ಆ ಗದ್ದಲದಲ್ಲಿ ಕೇಳಿಸಲೇ ಇಲ್ಲ.

ಆಮೇಲೆ ಬಸ್ಸಿನಲ್ಲಿ ಅವನು ಕೈ ಬೀಸಿದರೆ ಇವಳು ಕಿಟಕಿಯತ್ತ ತಿರುಗುತ್ತಿದ್ದಳು. ಮೇಲ್ ತೆರೆದರೆ ಬರೀ 'ಕ್ಷಮಿಸಿ'ಗಳು. ಅಪ್ಪ ಫೋನ್ ಮಾಡಿದರೆ ಓದ್ತಾ ಇದ್ದೀನಿ ಎಂದು ಬೇಗ ಇಟ್ಟುಬಿಡುತ್ತಿದ್ದಳು. ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಇಷ್ಟರ ನಡುವೆ ಆ ಹಾಳು ಹುಡುಗನ ನಗು ಬೇರೆ ನೆನಪಾಗಬೇಕೇ!

ಯುಗಾದಿ ಬಂತು. ಸ್ಕೂಲ್ ಹಾಲೊಂದರಲ್ಲಿ ಕನ್ನಡದವರ ಊಟ. ಎಲೆಯ ಮುಂದೆ ಕೂತಿದ್ದ ಸೃಷ್ಟಿಯ ಎದುರು ಸಾರಿನ ಪಾತ್ರೆ ಹಿಡಿದು ಬಂದವನು ಮತ್ಯಾರು? ತುಷಾರ್!

"ಸಾರು?"

"ಬೇಡ." ಎಲೆಗೆ ಕೈ ಅಡ್ಡ ಹಿಡಿದಳು.

"ನನ್ ಮೇಲೆ ಯಾಕೆ ಕೋಪ? ನಿಮ್ಮ ಸಿವಿಗೆ ಎಷ್ಟು ವೇಟ್ ಮಾಡ್ದೆ ಗೊತ್ತಾ?"

"ನೀವೇ ತಾನೇ ಆಗಲ್ಲ ಅಂದಿದ್ದು!"

"ನಾನಾ? ನೋಡೋಣ ಅಂದೆ!"

"ಅದೇ ಅಲ್ವಾ ಆಗಲ್ಲ ಅಂದ್ರೆ?"

ತುಷಾರ್ ಕಕ್ಕಾಬಿಕ್ಕಿಯಾದ. "ಅಯ್ಯೋ... ನಮ್ಮನೇಲಿ ತುಳು. ನಾನು ಕನ್ನಡ ಕಲ್ತಿದ್ದು ಸ್ಯಾಟರ್ಡೇ ಕ್ಲಾಸಲ್ಲಿ. ನೋಡೋಣ ಅಂದ್ರೆ ಇಬ್ರೂ ಸೇರಿ ನೋಡೋದು ಅಂತ ಟೀಚರ್ ಹೇಳ್ಕೊಟ್ಟಿದ್ರು! ನಿಮ್ಮ ಸಿವಿನ ಒಟ್ಟಿಗೆ ಕೂತು ನೋಡೋಣ ಅಂತ ನಾನು..."

ಸೃಷ್ಟಿ ಎಲೆಯ ಮೇಲಿನ ಕೈ ತೆಗೆದಳು. ಛೆ! ಎಷ್ಟು ದಿನ ಸುಮ್ಮನೆ ಇವನನ್ನು ಬೈದುಕೊಂಡೆ!

"ಏನಪ್ಪಾ, ಸಾರು ಮುಂದಕ್ಕೆ ಬರುತ್ತೋ ಇಲ್ವೋ?" ಸಾಲಿನ ತುದಿಯಿಂದ ರಜನಿ ಆಂಟಿ ಕೂಗಿದರು.

"ಅರ್ಜಿಗೆ ಇವತ್ತು ಐದು ಗಂಟೆ ಲಾಸ್ಟ್. ಏಳಿ!" ಎಂದ ತುಷಾರ್, ಸಾಲಿನ ತುದಿಗೆ ಓಡಿ ಪಾತ್ರೆಯನ್ನು ಆಂಟಿಯ ಕೈಗೇ ಕೊಟ್ಟುಬಿಟ್ಟ.

ಹಾಲ್‌ನ ಮೂಲೆಯಲ್ಲಿ, ಮಕ್ಕಳ ಕಿರುಚಾಟದ ನಡುವೆ, ಒಂದೇ ಫೋನಿನ ಮೇಲೆ ಇಬ್ಬರೂ ತಲೆ ಬಗ್ಗಿಸಿ ಕೂತರು. ಹೋಳಿಗೆ ಮುಗಿದುಹೋದದ್ದು ಇಬ್ಬರಿಗೂ ತಿಳಿಯಲಿಲ್ಲ.

ಇಂಟರ್‌ವ್ಯೂನಲ್ಲಿ ಕೆಟ್ಟುಹೋದ ಮೋಟರ್ ಒಂದನ್ನು ಮುಂದಿಟ್ಟು ಬಿಚ್ಚು ಎಂದರು. ಬಿಚ್ಚಿದಳು, ದೋಷ ಮಾತ್ರ ಸಿಗಲಿಲ್ಲ. "ಗೊತ್ತಾಗ್ಲಿಲ್ಲ," ಎಂದು ಒಪ್ಪಿಕೊಂಡು ಹೊರಬಂದವಳು ಬಸ್‌ಸ್ಟಾಪಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು.

ಅಲ್ಲಿಂದ ಸುದ್ದಿಯೇ ಇಲ್ಲ. ಈಸ್ಟರ್ ರಜೆ ಬಂದೇಬಿಟ್ಟಿತು. ಮಗಳನ್ನು ಕರೆದೊಯ್ಯಲು ಅಪ್ಪ ಕಾರಿನಲ್ಲಿ ಹೊರಟಿದ್ದರು.

ಕಟ್ಟಿದ ಬ್ಯಾಗಿನ ಜೊತೆ ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತಿದ್ದಳು ಸೃಷ್ಟಿ. ಪಕ್ಕದಲ್ಲಿ ತುಷಾರ್.

ಫೋನ್ ಹೊಡೆದುಕೊಂಡಿತು. ಕಾರ್ಖಾನೆಯಿಂದ!

ಗೊತ್ತಿಲ್ಲ ಅನ್ನುವ ಧೈರ್ಯ ಇರುವವಳಿಗೆ ಕಲಿಸುವುದು ಸುಲಭ, ಜೂನ್‌ನಲ್ಲಿ ಬಾ ಎಂದರು. ಸೃಷ್ಟಿ ಬಾಯಿ ಮುಚ್ಚಿಕೊಂಡು ಅತ್ತಳು. ತಕ್ಷಣ ಅಪ್ಪನಿಗೆ ಫೋನ್ ಹಚ್ಚಿದಳು.

"ಅಪ್ಪಾ... ಕೆಲಸ ಸಿಕ್ತು. ನಾನು ಇಂಜಿನಿಯರಿಂಗ್ ಬಿಡಲ್ಲ."

ಆ ಕಡೆ ಅಪ್ಪ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದರು.

"ಫ್ಯಾಕ್ಟರಿ ಅಂದ್ರೆ... ಸೇಫ್ಟಿ ಬೂಟ್ಸ್ ಬೇಕಾಗುತ್ತೆ," ಎಂದರು. "ಬಂದೆ ಇರು, ಇವತ್ತೇ ತಗೊಳ್ಳೋಣ."

ಫೋನ್ ಇಟ್ಟವಳು ತುಷಾರ್‌ನತ್ತ ತಿರುಗಿದಳು. ಅವನ ಕಣ್ಣೂ ಒದ್ದೆಯಾಗಿತ್ತು.

"ಇದು ಸಿಗ್ದೆ ಇದ್ದಿದ್ರೆ ಪ್ರತಿ ಶನಿವಾರ ಮ್ಯಾಂಚೆಸ್ಟರ್‌ಗೆ ಬರೋಣ ಅಂತ ಟ್ರೈನ್ ನೋಡಿಟ್ಟಿದ್ದೆ," ಎಂದ ಮೆಲ್ಲಗೆ.

"ಯಾಕೆ?"

"ನೀವಿಲ್ದೆ ನಂಗೆ ಇಲ್ಲಿ ಇರೋಕಾಗಲ್ಲ ಸೃಷ್ಟಿ. ಅಷ್ಟು ಇಷ್ಟ ನೀವಂದ್ರೆ."

ಅವಳ ಕೆನ್ನೆ ಕೆಂಪಾಯಿತು. ಇಷ್ಟು ದಿನದ ಬಹುವಚನ ತಾನಾಗಿ ಕಳಚಿಬಿತ್ತು.

"ಅಪ್ಪ ಬಂದಾಗ... ಇಲ್ಲೇ ಇರ್ತೀಯಾ?"

"ಎಲ್ಲಿ? ಗೇಟ್ ಹತ್ರಾನಾ?"

"ಅಲ್ಲ ಕಣೋ," ಎಂದು ಅವನ ಕೈ ಹಿಡಿದಳು. "ನನ್ನ ಪಕ್ಕ."