ಏಳು ಅಡಿಗೆ ನಿಂತ ಲೆನ್ಸ್

ಹೆಣವನ್ನು ಮೊದಲು ನೋಡಿದ್ದು ಮಗಳು. ಕಾಲೇಜು ಮುಗಿಸಿ ಸಂಜೆ ಐದಕ್ಕೆ ಬಂದವಳು ಅಪ್ಪನ ಕ್ಯಾಮೆರಾ ಅಂಗಡಿಯ ಹಿಂಬಾಗಿಲು ತಳ್ಳಿದಳು. ಅಪ್ಪ ರಿಪೇರಿ ಮೇಜಿನ ಪಕ್ಕ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಕ್ಯಾಮೆರಾ ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡು ಕಾಲ ಬಳಿ ಉರುಳಿತ್ತು.

ಇನ್ಸ್‌ಪೆಕ್ಟರ್ ಬಂದಾಗ ಫ್ಯಾನ್ ಇನ್ನೂ ತಿರುಗುತ್ತಿತ್ತು. ಮೇಜು ತೊಳೆದಿಟ್ಟಂತೆ ಚೊಕ್ಕಟ. ಕಸದ ಬುಟ್ಟಿ ಖಾಲಿ. ಮೇಜಿನ ನಡುವೆ ಒಂದೇ ಒಂದು ಹಳೇ ಫಿಲ್ಮ್ ಕ್ಯಾಮೆರಾ. ಅವನು ಕೈಗವಸು ಹಾಕಿಕೊಂಡು ಲೆನ್ಸ್ ತಿರುಗಿಸಲು ನೋಡಿದ. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ದೂರ ತೋರಿಸುವ ಗುರುತು ಏಳು ಅಡಿಯ ಅಂಕಿಯ ಮೇಲೆ ನಿಂತಿತ್ತು.

"ಯಾರದಮ್ಮ ಇದು?"

"ಡ್ರಾಯಿಂಗ್ ಮೇಷ್ಟ್ರದು. ಹೋದ ವಾರ ನಮ್ಮಲ್ಲೇ ಸೆಕೆಂಡ್ ಹ್ಯಾಂಡ್ ತಗೊಂಡಿದ್ರು," ಎಂದಳು ಮಗಳು.

ಪಕ್ಕದ ಟೈಲರ್ ಕೇಳದೆಯೇ ಬಾಯಿ ಬಿಟ್ಟ. "ಬೆಳಿಗ್ಗೆ ಒಂಬತ್ತೂವರೆಗೆ ಆ ಮೇಷ್ಟ್ರು ಬಂದು ರಂಪ ಮಾಡಿದ್ರು ಸಾರ್. ಲೆನ್ಸ್ ಸಿಕ್ಕಾಕಿಕೊಂಡಿದೆ, ಮೋಸ ಮಾಡಿದೆ, ನಿನ್ನ ಕೈ ಮುರೀತೀನಿ ಅಂತ. ಆಮೇಲೆ ಬಾಗಿಲು ಮುಚ್ಚಿತು. ರಿಪೇರಿ ಮಾಡುವಾಗ ಈ ಮನುಷ್ಯ ಹಾಗೇ ಮುಚ್ಚಿಕೊಳ್ಳೋದು. ನಾನೂ ತಲೆ ಕೆಡಿಸಿಕೊಳ್ಳಲಿಲ್ಲ."

"ಆಮೇಲೆ ಅಂಗಡಿಯವರನ್ನ ನೋಡಿದಿರಾ?"

"ಇಲ್ಲ ಸಾರ್. ಯಾರೂ ನೋಡಿಲ್ಲ."

\* \* \*

ಸತ್ತವನಿಗೆ ಒಬ್ಬ ತಮ್ಮ. ಅಂಗಡಿಯಲ್ಲಿ ಫೋಟೋ ತೆಗೆಯುವುದು ಅವನ ಕೆಲಸ, ರಿಪೇರಿ ಅಣ್ಣನದು. ಅವನು ಎದೆ ಎದೆ ಬಡಿದುಕೊಂಡು ಅತ್ತ. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಒಂದು ಕಾರ್ಖಾನೆಯಲ್ಲಿ ಕೆಲಸಗಾರರ ಗುರುತಿನ ಚೀಟಿಗೆ ಫೋಟೋ ತೆಗೆಯುತ್ತಿದ್ದನಂತೆ. ಇನ್ನೂರು ಜನ ಅವನ ಮುಂದೆ ಸಾಲು ನಿಂತಿದ್ದರು. ಆಮೇಲೆ ಮನೆಗೆ ಹೋಗಿ ಮಲಗಿದೆ ಅಂದ.

ಡಾಕ್ಟರ್ ಹೇಳಿದ್ದಿಷ್ಟು: ಸಾವು ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಎರಡರ ಒಳಗೆ. "ಅದಕ್ಕಿಂತ ಸರಿಯಾಗಿ ಹೇಳಕ್ಕೆ ನಾನೇನು ಕಣಿ ಹೇಳೋನೇನ್ರಿ?"

ಮೇಲಧಿಕಾರಿಗೆ ಅಷ್ಟು ಸಾಕಾಯಿತು. ಲೆನ್ಸ್ ಸಿಕ್ಕಿಕೊಂಡ ಹಾಗೇ ಇದೆ. ಅಂದರೆ ರಿಪೇರಿಯವನು ಅದನ್ನು ಮುಟ್ಟುವ ಮೊದಲೇ ಸತ್ತಿದ್ದಾನೆ. ಅಂದರೆ ಜಗಳದಲ್ಲೇ ಸತ್ತಿದ್ದಾನೆ. ಮೇಷ್ಟ್ರನ್ನು ಲಾಕಪ್ಪಿಗೆ ತಳ್ಳಿದರು. ಮಾರನೇ ದಿನ ಮಧ್ಯಾಹ್ನ ಮೂರಕ್ಕೆ ಕೋರ್ಟು.

"ಹೊಡೀಬೇಕು ಅನ್ನಿಸಿದ್ದು ನಿಜ ಸಾರ್," ಎಂದರು ಮೇಷ್ಟ್ರು. ಬಡಕಲು ಮನುಷ್ಯ. ಬೆರಳ ತುದಿಯಲ್ಲಿ ಸೀಮೆಸುಣ್ಣದ ಬಣ್ಣ. "ಹೊಡೀಲಿಲ್ಲ. ಕ್ಯಾಮೆರಾ ಅಲ್ಲೇ ಬಿಸಾಕಿ ಹೊರಟೆ. ಹತ್ತು ಗಂಟೆಯಿಂದ ಸಂಜೆ ತನಕ ಪಾಠ ಮಾಡ್ತಿದ್ದೆ."

ಪಾಠ ಮಾಡಿದ್ದು ನಿಜ. ಆದರೆ ಒಂಬತ್ತೂವರೆಗೂ ಹತ್ತಕ್ಕೂ ನಡುವೆ ಒಂದು ತಲೆ ಒಡೆಯಲು ಧಾರಾಳ ಸಮಯವಿತ್ತು.

ಮೇಷ್ಟ್ರ ತಾಯಿ ಠಾಣೆಯ ಬೆಂಚಿನ ಮೇಲೆ ಕೂತಿದ್ದರು. ಅಳಲಿಲ್ಲ, ಬೈಯಲಿಲ್ಲ, ಒಂದು ಮಾತು ಕೇಳಲಿಲ್ಲ. ಇನ್ಸ್‌ಪೆಕ್ಟರಿಗೆ ಅದೇ ಸಂಕಟ. ಹಿಂದೊಮ್ಮೆ ಹೀಗೇ ಅವಸರಕ್ಕೆ ಬಿದ್ದು ಒಬ್ಬ ಲಾರಿ ಡ್ರೈವರನನ್ನು ಒಳಗೆ ಹಾಕಿಸಿದ್ದ. ನಿಜ ಹೊರಬೀಳುವ ಹೊತ್ತಿಗೆ ಡ್ರೈವರ್ ಜೈಲಿನಲ್ಲೇ ತೀರಿಕೊಂಡಿದ್ದ. ಅವನ ಹೆಂಡತಿಯೂ ಇದೇ ಬೆಂಚಿನಲ್ಲಿ ಕೂತಿದ್ದಳು.

ಅವನು ಡಾಕ್ಟರ ವರದಿಯನ್ನು ಮತ್ತೆ ಓದಿದ. ಈ ಸಲ ಕೊನೆಯ ಸಾಲಿನವರೆಗೆ ಓದಿದ. "ಉಗುರುಗಳ ಸಂದಿಯಲ್ಲಿ ಹಸಿರು ಜಿಡ್ಡು. ಬೆರಳುಗಳಲ್ಲಿ ಪೆಟ್ರೋಲಿನ ವಾಸನೆ."

\* \* \*

ಬೆಳಿಗ್ಗೆ ಎಂಟಕ್ಕೆ ಮಗಳನ್ನು ಕರೆಸಿದ.

"ನಿನಗೆ ಈ ಕೆಲಸ ಬರುತ್ತಾ ತಾಯಿ?"

"ಅಪ್ಪ ಕಲಿಸಿದಾರೆ."

"ನಿಮ್ಮಪ್ಪ ನಿನ್ನೆ ಬೇರೆ ಏನಾದರೂ ರಿಪೇರಿ ಇಟ್ಟುಕೊಂಡಿದ್ರಾ?"

"ಇಲ್ಲ. ಕೈಯಲ್ಲಿ ಒಂದೂ ಕೆಲಸ ಇರಲಿಲ್ಲ."

ಇಬ್ಬರು ಸಾಕ್ಷಿಗಳನ್ನು ಕೂರಿಸಿದ. ಎಲ್ಲ ಕಡೆಯಿಂದ ಫೋಟೋ ತೆಗೆಸಿದ. ಆಮೇಲೆ ಕ್ಯಾಮೆರಾ ಅವಳ ಮುಂದಿಟ್ಟ. "ಬಿಚ್ಚು."

ಅವಳು ಸಣ್ಣ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದಳು. ಸಿಕ್ಕಿಕೊಂಡ ಲೆನ್ಸನ್ನು ಹಗುರಾಗಿ ಹಿಂದೆ ಮುಂದೆ ಆಡಿಸಿ ಬಿಡಿಸಿಕೊಂಡಳು. ಒಂದರೊಳಗೊಂದು ತಿರುಗುವ ಎರಡು ಹಿತ್ತಾಳೆ ಬಳೆಗಳು ಹೊರಬಂದವು. ಅವಳ ಕೈ ಅಲ್ಲೇ ನಿಂತಿತು.

"ಸಾರ್, ಇದು ಬಿಳಿ ಗ್ರೀಸು."

"ಅಂದ್ರೆ?"

"ಹೊಸದು. ಹಳೇ ಲೆನ್ಸ್ ಸಿಕ್ಕಾಕಿಕೊಳ್ಳೋದೇ ಒಳಗಿನ ಗ್ರೀಸು ಒಣಗಿ ಹಸಿರು ಅಂಟಾಗೋದ್ರಿಂದ. ಅದನ್ನ ಪೆಟ್ರೋಲಿನಲ್ಲಿ ನೆನೆಸಿ, ಹತ್ತಿಯಲ್ಲಿ ಒರೆಸಿ ತೆಗೀಬೇಕು. ಇಲ್ಲಿ ಹಸಿರು ಚೂರೂ ಇಲ್ಲ. ಅಪ್ಪ ಪೂರ್ತಿ ತೊಳೆದಿದಾರೆ."

"ಎಷ್ಟು ಹೊತ್ತು ಬೇಕು ಅದಕ್ಕೆ?"

"ಎಷ್ಟು ಅವಸರ ಮಾಡಿದ್ರೂ ಎರಡೂವರೆ ಗಂಟೆ."

ಇನ್ಸ್‌ಪೆಕ್ಟರ್ ಒಂಬತ್ತೂವರೆಯಿಂದ ಲೆಕ್ಕ ಹಾಕಿದ. ಹಾಗಾದರೆ ಹನ್ನೆರಡಕ್ಕೆ ಆತ ಬದುಕಿದ್ದ! "ಮತ್ತೆ ಯಾಕಮ್ಮ ಈಗಲೂ ತಿರುಗ್ತಿರಲಿಲ್ಲ?"

"ಸೇರಿಸಿದ್ದು ತಪ್ಪು. ಈ ಬಳೆ ಒಳಗೆ ಹೋಗಕ್ಕೆ ಆರು ಬಾಯಿ, ಅಂದ್ರೆ ತಿರುಪು ಶುರುವಾಗೋ ಜಾಗ, ಇವೆ. ಆರರಲ್ಲೂ ಹೋಗುತ್ತೆ, ಆದ್ರೆ ಒಂದೇ ಸರಿ. ತಪ್ಪಿದ್ರೆ ಅರ್ಧ ದಾರಿಯಲ್ಲಿ ಕಚ್ಚಿಕೊಳ್ಳುತ್ತೆ. ಅದಕ್ಕೇ ಬಿಚ್ಚುವಾಗ ಸರಿಯಾದ ಬಾಯಿ ಗುರುತಿಗೆ ಸೂಜಿಯಲ್ಲಿ ಒಂದು ಗೀರು ಹಾಕೋದು." ಅವಳು ಗೀರು ತೋರಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು, "ಅಪ್ಪನ ಗೀರು ಮಾತ್ರ ಸುಳ್ಳು."

"ಏನು?"

"ಯಾವ ಕಾಲದಲ್ಲೋ ಯಾರೋ ಅಪ್ಪನ ಕೆಲಸ ಕದ್ದು ಕಲಿತು ಎದುರಿಗೇ ಅಂಗಡಿ ಹಾಕಿದ್ರಂತೆ; ಈಗ ಅವರೂ ಇಲ್ಲ. ಆವತ್ತಿಂದ ಬೇಕಂತಲೇ ತಪ್ಪು ಜಾಗದಲ್ಲಿ ಗೀರು ಹಾಕೋರು. ಗೀರಿಂದ ಬಲಕ್ಕೆ ಎರಡು ಬಾಯಿ ಬಿಟ್ಟು ಸೇರಿಸಬೇಕು. ಅಪ್ಪನಿಗೂ ನನಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ."

"ಇದನ್ನ ಸೇರಿಸಿದೋನು?"

"ಗೀರನ್ನೇ ನಂಬಿದಾರೆ." ಅವಳು ಬಳೆಯನ್ನು ಕೆಳಗಿಟ್ಟಳು. ಗೀರು ಯಾಕೆಂದು ತಿಳಿದವರು ಆ ಅಂಗಡಿಯಲ್ಲಿ ಇನ್ನೊಬ್ಬರೇ ಇದ್ದರು. ಇನ್ಸ್‌ಪೆಕ್ಟರ್ ಹೆಸರು ಕೇಳಲಿಲ್ಲ.

\* \* \*

ಹನ್ನೊಂದಕ್ಕೆ ತಮ್ಮ ಬಂದ. ಶೇವ್ ಮಾಡದ ಮುಖ, ಕೆಂಪು ಕಣ್ಣು. ಮೇಜಿನ ಮೇಲೆ ಲೆನ್ಸಿನ ಭಾಗಗಳು ಹರಡಿದ್ದವು.

"ನೋಡಿ, ನಮ್ಮ ಪೇದೆ ಬಿಚ್ಚಿ ಹಾಕಿಬಿಟ್ಟ," ಎಂದ ಇನ್ಸ್‌ಪೆಕ್ಟರ್. "ಕೋರ್ಟಿಗೆ ಹೀಗೆ ಕೊಟ್ಟರೆ ನನ್ನ ಮಾನ ಹೋಗುತ್ತೆ. ಈ ಹುಡುಗಿ ಕೈಲಾಗಲ್ಲ ಅಂತಾಳೆ."

"ಚಿಕ್ಕಪ್ಪ, ನೀವು ಸೇರಿಸಿಕೊಡ್ತೀರಾ?" ಮಗಳು ತಲೆ ಎತ್ತದೆ ಕೇಳಿದಳು.

ಹುಷಾರಾಗಿದ್ದವನಾದರೆ ನನಗೆ ಬರಲ್ಲ ಅನ್ನುತ್ತಿದ್ದ. ಆದರೆ ಆ ಪ್ರಶ್ನೆಯನ್ನು ಹತ್ತು ವರ್ಷದಿಂದ ಅವನನ್ನು ಯಾರೂ ಕೇಳಿರಲಿಲ್ಲ. ಅವನು ಕುರ್ಚಿ ಎಳೆದುಕೊಂಡ. ಬಳೆಯನ್ನು ಬೆಳಕಿಗೆ ಹಿಡಿದು ಗೀರು ಹುಡುಕಿದ. ಬೆರಳುಗಳಿಗೆ ಅನುಮಾನವೇ ಇರಲಿಲ್ಲ. ಗೀರಿಗೆ ಸರಿಯಾಗಿ ಸೇರಿಸಿ ತಿರುಗಿಸಿದ. ಲೆನ್ಸ್ ಅರ್ಧ ದಾರಿ ಹೋಗಿ ಕಚ್ಚಿಕೊಂಡಿತು.

ಇನ್ಸ್‌ಪೆಕ್ಟರ್ ಬಗ್ಗಿ ನೋಡಿದ. ಏಳು ಅಡಿ.

"ನಿನ್ನೆಯೂ ಇಲ್ಲೇ ನಿಂತಿತ್ತು," ಎಂದು ಬಿಚ್ಚುವ ಮೊದಲು ತೆಗೆಸಿದ ಫೋಟೋ ಮುಂದಿಟ್ಟ. "ನಿಮ್ಮಣ್ಣ ಇದನ್ನು ಬಿಚ್ಚಿ, ತೊಳೆದು, ಹೊಸ ಗ್ರೀಸು ಹಚ್ಚಿದ್ದ. ಹನ್ನೆರಡು ದಾಟಿತ್ತು. ಮೇಷ್ಟ್ರು ಆಗ ಮಕ್ಕಳ ಮುಂದೆ ನಿಂತಿದ್ದರು. ನೀನು ಹಿಂಬಾಗಿಲಿಂದ ಬಂದೆ. ಹೊಡೆದೆ. ಭಾಗಗಳು ಹಾಗೇ ಬಿದ್ದಿದ್ದರೆ ಮೇಷ್ಟ್ರು ಹೋದ ಮೇಲೂ ಅವನು ಗಂಟೆಗಟ್ಟಲೆ ಕೆಲಸ ಮಾಡಿದ್ದು ಗೊತ್ತಾಗುತ್ತಿತ್ತು. ಅದಕ್ಕೇ ಮತ್ತೆ ಜೋಡಿಸಿದೆ. ಹತ್ತಿ, ಪೆಟ್ರೋಲು ಎಲ್ಲ ಸಾಗಿಸಿದೆ. ಲೆನ್ಸ್ ಕಚ್ಚಿಕೊಂಡಾಗ ಇನ್ನೂ ಒಳ್ಳೇದೇ ಆಯ್ತು ಅಂದುಕೊಂಡೆ. ಸಿಕ್ಕಿಕೊಂಡ ಲೆನ್ಸ್ ಸಿಕ್ಕಿಕೊಂಡ ಹಾಗೇ ಇತ್ತಲ್ಲ! ಆದರೆ ಆ ಗೀರು ಸುಳ್ಳು. ಅದನ್ನು ನಂಬುವವನು ಈ ಊರಲ್ಲಿ ನೀನೊಬ್ಬನೇ."

ತಮ್ಮ ಲೆನ್ಸನ್ನು ಮತ್ತೆ ಬೆಳಕಿಗೆ ಹಿಡಿದ. "ಸುಳ್ಳಾ?" ಎಂದ.

ಮಗಳು ಹೌದೆಂದು ತಲೆಯಾಡಿಸಿದಳು.

"ಹತ್ತು ವರ್ಷ ಕಲಿಸು ಅಂತ ಗೋಗರೆದಿದೀನಿ ಸಾರ್. ಕದ್ದು ಕದ್ದು ನೋಡಿ ಇಷ್ಟು ಕಲಿತೆ. ನಿನ್ನೆ ಬಂದಾಗ ಮೇಷ್ಟ್ರ ಜಗಳ ಹೇಳಿ ನಗ್ತಿದ್ದ. ನಾನು ಮೇಜಿನ ಹತ್ರ ಬಂದೆ ನೋಡಿ, ಸರಕ್ಕನೆ ಭಾಗಗಳ ಮೇಲೆ ಟವೆಲ್ ಮುಚ್ಚಿದ. ನಾನೇನು ಕಳ್ಳನಾ ಸಾರ್? ಅವನ ಒಡಹುಟ್ಟಿದೋನು. ಯಾವಾಗ ಸ್ಟ್ಯಾಂಡು ಎತ್ತಿಕೊಂಡೆನೋ ಗೊತ್ತಿಲ್ಲ."

\* \* \*

ಮಧ್ಯಾಹ್ನ ಒಂದಕ್ಕೆ ಮೇಷ್ಟ್ರನ್ನು ಹೊರಗೆ ಬಿಟ್ಟರು. ತಾಯಿ ಬೆಂಚಿನಿಂದ ಎದ್ದು ಮಗನ ರಟ್ಟೆ ಹಿಡಿದರು. ಇಬ್ಬರೂ ಹಿಂತಿರುಗಿ ನೋಡದೆ ಮೆಟ್ಟಿಲಿಳಿದರು. ಇನ್ಸ್‌ಪೆಕ್ಟರಿಗೆ ಸಮಾಧಾನವಾಯಿತು. ಆದರೂ ಎದೆಯ ಭಾರ ಇಳಿಯಲಿಲ್ಲ.

ತಮ್ಮನ ಕೈಗೆ ಕೋಳ ಹಾಕಿ ಹೊರಗೆ ತಂದರು. ಬಾಗಿಲಲ್ಲಿ ಅಣ್ಣನ ಮಗಳು ನಿಂತಿದ್ದಳು. ಅವನು ಕ್ಷಮಿಸು ಅನ್ನುತ್ತಾನೆ ಎಂದು ಎಲ್ಲರೂ ಅಂದುಕೊಂಡರು.

"ಎಷ್ಟು ಬಾಯಿ ಬಿಡಬೇಕು ಮಗಳೇ?" ಎಂದು ಕೇಳಿದ.



"ಎರಡು, ಚಿಕ್ಕಪ್ಪ. ಬಲಕ್ಕೆ."

ಜೀಪಿನಲ್ಲಿ ಕೂತ ಮೇಲೂ ಕೋಳದೊಳಗಿನ ಅವನ ಬೆರಳುಗಳು ಬಲಕ್ಕೆ ಎರಡು ಎಣಿಸಿ, ಏನನ್ನೋ ಸೇರಿಸಿ, ತಿರುಗಿಸುತ್ತಲೇ ಇದ್ದವು.