ಕೊಕ್ಕೆಯ ಅಕ್ಕ ಯಾರು?

“ನಿನ್ನ ಅಕ್ಕನ ವಯಸ್ಸೆಷ್ಟು, ಮರಿ?” ಗಾಜಿನ ಆಚೆಯಿಂದ ವೀಸಾ ಕೌಂಟರಿನ ಮೇಡಂ ಕೇಳಿದರು.

“ಮೂವತ್ತನಾಲ್ಕು,” ಎಂದಳು ಕೊಕ್ಕೆ.

“ಏನ್ ಕೆಲಸ ಮಾಡ್ತಾರೆ?”

“ಹೊರದೇಶದಲ್ಲಿ ನರ್ಸು. ವಯಸ್ಸಾದವರನ್ನ ನೋಡ್ಕೊಳ್ಳೋ ಹೋಮಲ್ಲಿ.”

“ನಿನ್ನ ಅಣ್ಣ?”

“ಬಡಗಿ. ಇಗೋ, ಇಲ್ಲೇ ನಿಂತಿದಾನಲ್ಲ!”

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹಾಗಾದ್ರೆ ನಿನ್ನ ಅಕ್ಕ, ಅಣ್ಣ ಇಬ್ಬರೂ ಗಂಡ ಹೆಂಡತಿ?”

“ಹೂಂ ಮತ್ತೆ!”

ಸಾಲಿನಲ್ಲಿ ಹಿಂದೆ ನಿಂತಿದ್ದ ಯಾರೋ ಕಿಸಕ್ಕೆಂದರು. ಪಕ್ಕದಲ್ಲಿದ್ದ ಬಡಗಿ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡ. “ಮೇಡಂ, ನಾನು ಇವಳ ಅಪ್ಪ. ನನ್ನ ಹೆಂಡತಿನೇ ಇವಳ ತಾಯಿ. ಇವಳು ಮೊದಲಿಂದ್ಲೂ ಹೀಗೇ ಕರೆಯೋದು.”

“ನನಗೆ ಅರ್ಥ ಆಯ್ತು ಸಾರ್. ಆದ್ರೆ ನಾನು ಪೇಪರ್ ತಗೊಳ್ಳೋಳು ಅಷ್ಟೆ. ತೀರ್ಮಾನ ಮಾಡೋ ಆಫೀಸರ್ ಸಮುದ್ರದ ಆಚೆ ಕೂತಿದಾರೆ. ಅವರಿಗೆ ನಮ್ಮ ಮಾತು ಬರಲ್ಲ.”

ಅವರು ಒಂದು ಹಾಳೆಯನ್ನು ಗಾಜಿನ ಕೆಳಗಿನ ಕಿಂಡಿಯಿಂದ ಈಚೆ ತಳ್ಳಿದರು. ಮನೆಯವರ ನಡುವೆ ಮಾತುಕತೆ ಇದೆ ಎಂದು ತೋರಿಸಲು ಕೊಕ್ಕೆ ಬರೆದ ಕಾಗದಗಳನ್ನು ಅರ್ಜಿಯ ಜೊತೆ ಕೊಟ್ಟಿದ್ದರು. ಭಾಷಾಂತರದವರು ‘ಪ್ರೀತಿಯ ಅಕ್ಕನಿಗೆ’ ಎಂಬುದನ್ನು ‘ಪ್ರೀತಿಯ ಹಿರಿಯ ಸಹೋದರಿಗೆ’ ಎಂದು ಮಾಡಿದ್ದರು. ‘ಅಮ್ಮ ನಿನ್ನನ್ನು ಕೇಳಿದಳು’ ಎಂಬ ಸಾಲಿನ ಕೆಳಗೆ ಕೆಂಪು ಗೆರೆ. ಪಕ್ಕದಲ್ಲಿ ಆಫೀಸರರ ಪ್ರಶ್ನೆ: ಮಗುವಿನ ತಾಯಿ ಮಗುವಿನ ಜೊತೆಯಲ್ಲೇ ಇದ್ದಾರೆ. ಹೊರದೇಶದಲ್ಲಿರುವ ಈ ಸಹೋದರಿ ಯಾರು?

“ಒಂದನೇ ತಾರೀಖಿಂದ ರೂಲ್ಸ್ ಬದಲಾಗ್ತಿದೆ,” ಮೇಡಂ ದನಿ ತಗ್ಗಿಸಿದರು. “ಈ ಕೆಲಸಕ್ಕೆ ಹೋದವರು ಇನ್ಮೇಲೆ ಗಂಡ, ಮಕ್ಕಳನ್ನ ಕರೆಸ್ಕೊಳ್ಳೋ ಹಾಗಿಲ್ಲ. ಈಗಾಗಲೇ ಕೊಟ್ಟಿರೋ ಅರ್ಜಿಗೆ ಹಳೇ ರೂಲ್ಸೇ. ಆದ್ರೆ ನಿಮ್ಮದು ವಾಪಸ್ ಬಂದ್ರೆ ಹೊಸದಾಗಿ ಹಾಕ್ಬೇಕು. ಆಗ ಕಷ್ಟ.”

“ರೂಲ್ಸು ಯಾಕೆ ಬದಲಾಗುತ್ತೆ?” ಕೊಕ್ಕೆ ಕೇಳಿದಳು.

“ಅದನ್ನ ನನಗೂ ಯಾರೂ ಹೇಳಲ್ಲಮ್ಮ. ಹತ್ತು ದಿನ ಇದೆ. ಸರಿಯಾದ ವಿವರಣೆ ತಂದುಕೊಡಿ.”

ಅವಳಿಗೆ ಮನೆಯಲ್ಲೂ ಶಾಲೆಯಲ್ಲೂ ಕೊಕ್ಕೆ ಎಂದೇ ಹೆಸರು. ಯಾರು ಏನು ಹೇಳಿದರೂ ‘ಯಾಕೆ?’ ಎಂದು ಕೊಕ್ಕೆ ಹಾಕುವವಳಿಗೆ ಬೇರೆ ಯಾವ ಹೆಸರು ನಿಂತೀತು? ಆದರೆ ಬಸ್ಸಿನಲ್ಲಿ ಊರಿಗೆ ಬರುವಾಗ ಅವಳು ಏನೂ ಕೇಳಲಿಲ್ಲ. ಅಣ್ಣ ಫೈಲನ್ನು ಎದೆಗೆ ಅವುಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದ. ಅಕ್ಕ ಹೋಗಿ ಎರಡು ವರ್ಷವಾಗಿತ್ತು.

ಮನೆಗೆ ಬಂದಾಗ ಅಜ್ಜಿ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಐದು ಹಸು, ಎರಡು ಕರು, ಬೀದಿಗೆಲ್ಲ ದಿನಾ ಹಾಲು ಹಾಕುವ ವರ್ತನೆ ಅವಳದು. ಅವಳು ಅಕ್ಕನ ತಾಯಿ. ಕೊಕ್ಕೆ ಅವಳನ್ನು ಕರೆಯುವುದು ‘ಅಮ್ಮ’ ಎಂದು. ಕತೆ ಓದುವವರಿಗೂ ಆ ಆಫೀಸರರ ಪಾಡು ಬರಬಾರದಲ್ಲ, ನಾವು ಅಜ್ಜಿ ಎಂದೇ ಅನ್ನೋಣ.

“ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋತೀರಾ ಭಾವ?” ಎಂದ ಮಾವ. ಅವನು ಅಕ್ಕನ ತಮ್ಮ, ಇಪ್ಪತ್ತು ವರ್ಷದವನು, ಅಜ್ಜಿಯ ಹಾಲಿನ ಗಾಡಿ ಓಡಿಸುವವನು. “ಆ ಕಾಗದಗಳನ್ನೆಲ್ಲ ಇವಳ ಕೈಲಿ ಮತ್ತೆ ಬರೆಸಿ. ಅಕ್ಕ ಇದ್ದ ಕಡೆ ಅಮ್ಮ, ಅಮ್ಮ ಇದ್ದ ಕಡೆ ಅಜ್ಜಿ. ಮುಗೀತು!”

ಕೊಕ್ಕೆ ಹೊಸ ಹಾಳೆ ತೆಗೆದು ‘ಪ್ರೀತಿಯ ಅಮ್ಮನಿಗೆ’ ಎಂದು ಬರೆದಳು. ಬರೆದು ಪೆನ್ನಿನ ತುದಿ ಕಚ್ಚುತ್ತ ಕುಳಿತಳು.

“ಯಾಕೇ? ಬರಿ,” ಎಂದ ಮಾವ.

“ಅಮ್ಮನಿಗೆ ಯಾಕೆ ಕಾಗದ ಬರೀಬೇಕು? ಕೊಟ್ಟಿಗೆಗೆ ಹೋಗಿ ಹೇಳಿದ್ರಾಯ್ತಲ್ಲ.”

ಮಾವ ಹಣೆ ಚಚ್ಚಿಕೊಂಡ.

“ಅದೂ ಅಲ್ಲದೆ ಇದು ಸುಳ್ಳು ಕಾಗದ,” ಎಂದಳು ಕೊಕ್ಕೆ. “ಆ ಕಾಗದ ನನ್ನ ಹಲ್ಲು ಬಿದ್ದಾಗ ಬರೆದಿದ್ದು. ಈಗ ಹಲ್ಲು ಬಂದಿದೆ.”

“ಬಿಡೋ ಅದನ್ನ,” ಅಣ್ಣ ಮಾವನಿಗೆ ಹೇಳಿದ. “ಅಲ್ಲಿ ಹಳೇ ಕಾಗದ ಇಟ್ಕೊಂಡಿದಾರೆ. ಹೊಸದು ಕೊಟ್ರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲ್ವಾ? ಇರೋದೂ ಹೋಗುತ್ತೆ.”

ಕೊಕ್ಕೆಯ ತಲೆಯಲ್ಲಿ ಬೇರೆಯದೇ ಹುಳು ಕೊರೆಯತೊಡಗಿತು. “ಅಲ್ಲಾ, ನಾನು ಯಾಕೆ ಅಕ್ಕನ್ನ ಅಕ್ಕ ಅಂತೀನಿ?”

ಅಜ್ಜಿ ಕೈ ತೊಳೆದುಕೊಂಡು ಬಂದು ಮಾವನನ್ನು ತೋರಿಸಿ ಹೇಳಿದಳು: “ಇಗೋ, ಇವನಿಂದ. ನೀನು ಹುಟ್ಟಿದಾಗ ಇವನಿಗೆ ಹತ್ತು ವರ್ಷ. ಇಡೀ ದಿನ ನಿನ್ನನ್ನ ಸೊಂಟದ ಮೇಲೆ ಕೂರಿಸ್ಕೊಂಡು ‘ಅಕ್ಕಾ, ಮಗು ಅಳ್ತಿದೆ! ಅಕ್ಕಾ, ಮಗು ಉಚ್ಚೆ ಹೊಯ್ತು!’ ಅಂತ ಕೂಗ್ತಿದ್ದ. ನಿನ್ನ ಬಾಯಲ್ಲಿ ಮೊದಲು ಬಂದ ಮಾತೇ ಅದು.”

“ಮತ್ತೆ ನೀನು ಅಮ್ಮ?”

“ನಿನ್ನ ಅಕ್ಕ ನನ್ನನ್ನ ಕರೆಯೋದೇ ಹಾಗೆ. ನೀನೂ ಕರೆದೆ. ಅಂಗಡೀಲಿ ಕೆಲಸ ಕಲಿಯೋ ಹುಡುಗರು ನಿಮ್ಮಪ್ಪನ್ನ ಅಣ್ಣ ಅಂತಾರೆ, ಅದನ್ನೂ ಹಿಡ್ಕೊಂಡೆ.”

ಹಾಗಾದರೆ ಬೇರೆ ಮನೆಗಳಲ್ಲಿ? ಕೊಕ್ಕೆಗೆ ತಡೆಯಲಾಗಲಿಲ್ಲ. ಮಾರನೆಯ ದಿನ ಶಾಲೆ ಬಿಟ್ಟಮೇಲೆ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದಳು. ಯಾರು, ಯಾರನ್ನು, ಏನೆಂದು, ಯಾಕೆ. ಬೀದಿಯ ಈ ತುದಿಯಿಂದ ಹೊರಟಳು.

ದರ್ಜಿಯ ಮಕ್ಕಳು ತಾಯಿಯನ್ನು ‘ಅತ್ತೆ’ ಎನ್ನುತ್ತಿದ್ದರು. ಒಂದೇ ಮನೆಯಲ್ಲಿ ಬೆಳೆದ ಸೋದರತ್ತೆಯ ಮಕ್ಕಳು ಹಾಗೆ ಕರೆಯುತ್ತಿದ್ದುದನ್ನು ಕೇಳಿ ಬಂದ ಅಭ್ಯಾಸ. ಸೈಕಲ್ ರಿಪೇರಿಯವನ ಮಗಳಿಗೆ ಅಪ್ಪ ‘ಚಿಕ್ಕಪ್ಪ’. ಇಸ್ತ್ರಿ ಅಂಗಡಿಯ ಮೂರು ವರ್ಷದ ಪೋರನಂತೂ ಅಪ್ಪನನ್ನು ‘ಏನೂಂದ್ರೆ’ ಎಂದು ಕರೆಯುತ್ತಿದ್ದ.

“ಯಾಕೋ ಹಾಗಂತೀಯ?” ಕೊಕ್ಕೆ ಕೇಳಿದಳು.

“ಅವರ ಹೆಸರೇ ಅದು!” ಎಂದ ಪೋರ. ಅವನ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಒಂಬತ್ತು ಮನೆ ಮುಗಿಯುವಷ್ಟರಲ್ಲಿ ಕತ್ತಲಾಯಿತು. ಹೆತ್ತವರನ್ನು ಅಪ್ಪ, ಅಮ್ಮ ಎಂದೇ ಕರೆಯುವ ಮನೆ ಐದು. ಬೇರೆ ಏನಾದರೂ ಅನ್ನುವ ಮನೆ ನಾಲ್ಕು, ತನ್ನದೂ ಸೇರಿ. ಪ್ರತಿ ಸಾಲಿನ ಮುಂದೆ ದೊಡ್ಡವರ ಸಹಿ ಹಾಕಿಸಿಕೊಂಡಿದ್ದಳು.

ಮೇಡಂ ಕೇಳಿದ್ದ ವಿವರಣೆಯೆಂದು ಕೊಡಲು ಶಾಲೆಯ ಮೇಷ್ಟ್ರು ಅದನ್ನು ಇಂಗ್ಲಿಷಿಗೆ ಮಾಡಿಕೊಟ್ಟರು. “ಈ ‘ಏನೂಂದ್ರೆ’ ಬೇಕೇನೇ?” ಎಂದು ತಲೆ ಕೆರೆದುಕೊಂಡರು.

“ಬೇಕು ಸಾರ್. ನಿಜ ಅದು.”

ಹಾಳೆಯ ಕೊನೆಯಲ್ಲಿ ಕೊಕ್ಕೆ ತಾನೇ ಹೇಳಿ ಅವರಿಂದ ಬರೆಸಿದಳು: ‘ಸಾರ್, ನಮ್ಮಲ್ಲಿ ಕರೆಯುವ ಹೆಸರು ಕೇಳಿ ಕಲಿತದ್ದು. ನನ್ನ ಅಕ್ಕನೇ ನನ್ನನ್ನು ಹೆತ್ತವಳು. ಅವಳು ಯಾರು ಎಂದು ನನಗೆ ಗೊತ್ತು. ಈಗ ನಿಮಗೂ ಗೊತ್ತಾಯಿತು.’

ಐದನೆಯ ದಿನ ಕೌಂಟರಿನ ಮೇಡಂ ಆ ಹಾಳೆಯನ್ನು ಒಮ್ಮೆ ಓದಿದರು. ಮತ್ತೊಮ್ಮೆ ಓದಿ ನಕ್ಕುಬಿಟ್ಟರು.

“ನಾನು ನನ್ನ ತಾಯಿನ ಏನಂತ ಕರೀತೀನಿ ಗೊತ್ತಾ? ಟೀಚರ್ ಅಂತ. ಊರೆಲ್ಲ ಹಾಗೇ ಕರೀತಿತ್ತು.”

“ಬರ್ಕೊಳ್ಳಲಾ ಮೇಡಂ? ಹತ್ತನೇ ಮನೆ!”

“ಅಯ್ಯೋ, ಬೇಡಪ್ಪ! ನನ್ನ ಕೆಲಸ ಹೋಗುತ್ತೆ,” ಎಂದು ಮೇಡಂ ಹಾಳೆಯ ಮೇಲೆ ಟಪ್ಪನೆ ಮೊಹರು ಒತ್ತಿದರು.

ಆಮೇಲೆ ಕಾಯುವುದೇ ಕೆಲಸವಾಯಿತು. ಒಂದನೇ ತಾರೀಖು ಬಂದು ಹೋಯಿತು. ಹೊಸ ರೂಲ್ಸು ಜಾರಿಯಾಯಿತೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಅವಳ ಜೊತೆ ಕೆಲಸ ಮಾಡುವ ಒಬ್ಬಳು ಅರ್ಜಿ ಹಾಕಲು ನಾಲ್ಕು ದಿನ ತಡಮಾಡಿದ್ದಳಂತೆ. ಅವಳ ಮಗನಿಗೆ ಎಂಟು ವರ್ಷ. ಊಟದ ಹೊತ್ತಿಗೆ ಆ ಹೆಂಗಸು ಡಬ್ಬಿಯ ಮುಚ್ಚಳವನ್ನೇ ತೆಗೆಯುವುದಿಲ್ಲವಂತೆ.

“ನಾಲ್ಕೇ ದಿನಕ್ಕಾ?” ಎಂದು ಕೊಕ್ಕೆ ಮತ್ತೆ ಮತ್ತೆ ಕೇಳಿದಳು.

ಆರನೇ ತಾರೀಖು ಸಂಜೆ ಅಣ್ಣ ಕೈಯಲ್ಲಿ ಉಳಿ ಹಿಡಿದುಕೊಂಡೇ ಅಂಗಡಿಯಿಂದ ಓಡಿಬಂದ. ಫೋನಿನಲ್ಲಿ ಮೆಸೇಜು ಬಂದಿತ್ತು. ವಿವರಣೆ ಒಪ್ಪಿದ್ದಾರೆ. ಗಂಡನಿಗೂ ಮಗಳಿಗೂ ವೀಸಾ.

ಮಾವ ಕೊಕ್ಕೆಯನ್ನು ಎತ್ತಿ ಹಾಲಿನ ಗಾಡಿಯ ಮೇಲೆ ನಿಲ್ಲಿಸಿದ. ಅಕ್ಕ ವಿಡಿಯೊ ಕಾಲ್ ಮಾಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಕೊಕ್ಕೆಗೆ ತಿಳಿಯಲಿಲ್ಲ.

“ಅಲ್ವೇ ಕೊಕ್ಕೆ, ಇಲ್ಲಿ ಸ್ಕೂಲಲ್ಲಿ ನೀನು ಅಕ್ಕ ಅಂದ್ರೆ ಮತ್ತೆ ಎಲ್ಲರಿಗೂ ವಿವರಣೆ ಕೊಡ್ಬೇಕಾಗುತ್ತೆ. ಒಂದ್ಸಲ ನನ್ನನ್ನ ಅಮ್ಮ ಅಂತ ಕರೆದು ನೋಡು, ಹೇಗಿರುತ್ತೆ.”

ಕೊಕ್ಕೆಗೆ ನಾಚಿಕೆಯಾಯಿತು. ಕಣ್ಣು ಮುಚ್ಚಿಕೊಂಡು ಕೂಗಿದಳು: “ಅಮ್ಮಾ!”

“ಏನೇ? ಬಂದೆ, ಇರು!” ಕೊಟ್ಟಿಗೆಯಿಂದ ಅಜ್ಜಿಯ ದನಿ ಓಗೊಟ್ಟಿತು.

ಎಲ್ಲರೂ ಗೊಳ್ಳೆಂದು ನಕ್ಕರು. ಅಜ್ಜಿ ಹಾಲಿನ ಬಕೆಟ್ಟು ಹಿಡಿದುಕೊಂಡು ಬಂದಳು. ಕರಿ ಹಸು ಅರ್ಧಕ್ಕೇ ಕಾಲು ಎತ್ತಿತೆಂದು ಬೈಯುತ್ತಲೇ ಬಂದಳು. “ಯಾಕೆ ಕೂಗಿದ್ದು?”

ಫೋನಿನಲ್ಲಿ ಅಕ್ಕನ ನಗು ನಿಂತುಹೋಗಿತ್ತು. “ಅಮ್ಮಾ,” ಎಂದಳು ಅವಳು, ಮೆತ್ತಗೆ.

“ಹೇಳೇ.”

“ಏನಿಲ್ಲ. ಸುಮ್ಮನೆ ಕರೆದೆ.”

ಕೊಕ್ಕೆ ಅಕ್ಕನ ಮುಖ ನೋಡಿದಳು. ಅಜ್ಜಿಯ ಮುಖ ನೋಡಿದಳು. ಅಜ್ಜಿಯ ಹೆಸರಿಗೆ ವೀಸಾ ಬಂದಿಲ್ಲ. ಯಾರೂ ಅದನ್ನು ಕೇಳಿಯೂ ಇರಲಿಲ್ಲ. ಎರಡು ವರ್ಷದಿಂದ ಅಕ್ಕ ಎಷ್ಟು ಸಲ ಹೀಗೆ ಕರೆದಿರಬಹುದು, ಯಾರೂ ‘ಬಂದೆ, ಇರು’ ಎನ್ನದ ಕಡೆ?

ಅವಳು ಗಾಡಿಯಿಂದ ಇಳಿದು ಫೋನನ್ನು ಅಜ್ಜಿಯ ಒದ್ದೆ ಕೈಗೆ ಕೊಟ್ಟಳು. ಬಕೆಟ್ಟನ್ನು ತಾನು ತೆಗೆದುಕೊಂಡು, ಹಾಲು ತುಳುಕದ ಹಾಗೆ ನಿಧಾನವಾಗಿ ಒಳಗೆ ಹೋದಳು.