ಕತ್ತರಿ ಹಿಡಿದ ಮ್ಯಾಗ್ನೆಟ್

ಲಾಳಿ ಹಾಸಿನ ಉದ್ದೆಳೆಗಳ ನಡುವೆಯೇ ಸಿಕ್ಕಿಕೊಂಡಿತ್ತು. ನಿಲ್ಲಬೇಕಿದ್ದ ಮಗ್ಗ ನಿಲ್ಲಲಿಲ್ಲ. ನೂಲನ್ನು ಒತ್ತಿ ಕೂರಿಸುವ ಹಣಿಗೆ ಬಂದು ಅಪ್ಪಳಿಸಿದ ಹೊಡೆತಕ್ಕೆ ಅಂಗೈಯಗಲದಷ್ಟು ಎಳೆಗಳು ಪಟಪಟನೆ ಹರಿದವು. ರಬಕವಿಯ ಆ ಪವರ್‌ಲೂಮ್ ಶೆಡ್ಡಿನಲ್ಲಿ ಪ್ರತಿಮಾಳ ಸಿಟ್ಟು ನೆತ್ತಿಗೇರಿತು.

"ಈ ಸೆನ್ಸರ್ ಹಚ್ಚಿದಾವನ್ನ ಕರೀರಿ," ಎಂದು ಕೆಲಸದವರಿಗೆ ಹೇಳಿದಳು.

ಹಚ್ಚಿದವನು ಅದೇ ಓಣಿಯ ಗುರುಪಾದ. ಲಾಳಿಯೊಳಗೊಂದು ಸಣ್ಣ ಮ್ಯಾಗ್ನೆಟ್, ಅದು ಬಂದು ನಿಲ್ಲುವ ಪೆಟ್ಟಿಗೆಯ ಬಳಿ ಸೆನ್ಸರ್. ಲಾಳಿ ಬಂದು ಮುಟ್ಟದಿದ್ದರೆ ಮೋಟಾರು ತಾನೇ ಬಂದಾಗಬೇಕು. ಹಚ್ಚುವಾಗಲೇ ಅವಳ ಅಪ್ಪ, ಶೆಡ್ಡಿನ ಮಾಲೀಕ ಶಿವಯೋಗೆಪ್ಪ ಕಡ್ಡಿ ಮುರಿದಂತೆ ಹೇಳಿದ್ದರು: "ಹಾಸು ಹರದ್ರ ನೀ ಮತ್ತ ಈ ಶೆಡ್ಡಿನ್ಯಾಗ ಕಾಲಿಡಬ್ಯಾಡ."

ಅವಳ ಸಿಟ್ಟಿನ ಮೂಲ ಅದೇ. ಹರಿದ ಎಳೆ ಕಟ್ಟಬಹುದು. ಇವನು ಮತ್ತೆ ಬರದೇ ಹೋದರೆ ಏನು ಮಾಡುವುದು?

ಗುರುಪಾದ ಚೀಲ ಹೊತ್ತು ಬಂದ. "ಏನಾತ್ರಿ?"

ಅವಳ ಮೈಯೆಲ್ಲ ಉರಿಯಿತು. ಶಾಲೆಗೆ ಹೋಗುವಾಗಿನಿಂದ 'ಲೇ ಪ್ರತಿಮಾ' ಅನ್ನುತ್ತಿದ್ದವನು. ಹೋಗುವೆನೆಂದು ಒಂದು ಮಾತೂ ಹೇಳದೆ ಇಚಲಕರಂಜಿಗೆ ಕೆಲಸ ಕಲಿಯಲು ಹೋದ, ತಿರುಗಿ ಬಂದು ದೊಡ್ಡ ಮನುಷ್ಯನ ಹಾಗೆ ರೀ ಅನ್ನುತ್ತಾನೆ.

"ಕಣ್ಣ ಕಾಣಂಗಿಲ್ಲೇನು? ನೋಡು."

ಅವನು ಬಗ್ಗಿ ಸೆನ್ಸರ್ ಪಕ್ಕದ ಚೌಕಟ್ಟಿನ ಹಿಂದೆ ಕೈಯಾಡಿಸಿದ. ಕೆನ್ನೆಗೆ ಎಣ್ಣೆಯ ಕಲೆ ಹತ್ತಿತ್ತು. ಇಂಥ ಹೊತ್ತಿನಲ್ಲೂ ಅದನ್ನು ಒರೆಸಬೇಕು ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ರೇಗಿಹೋಯಿತು.

ಅವನ ಕೈಗೆ ಅವಳ ಕತ್ತರಿ ಬಂತು. ಅದನ್ನು ಕಚ್ಚಿ ಹಿಡಿದ ಕಪ್ಪು ಮ್ಯಾಗ್ನೆಟ್ಟೂ ಬಂತು.

"ಇದು ಇಲ್ಲಿ ಯಾಕೈತಿ?"

"ಕತ್ತರಿ ಕಳೀತೈತಿ. ಅದಕ್ಕ ಹಚ್ಚೇನಿ."

"ಲಾಳಿ ಬರದಿದ್ರೂ ಸೆನ್ಸರ್ ಇದನ್ನ ನೋಡಿ ಬಂತು ಅಂತ ತಿಳಕೊಂಡೈತಿ. ತಪ್ಪು ನಿಮ್ಮದರಿ."

"ಇದನ್ನ ಕೊಟ್ಟಾವ ಯಾರು?"

ಗುರುಪಾದ ಮ್ಯಾಗ್ನೆಟ್ಟನ್ನು ಹೊರಳಿಸಿ ನೋಡಿದ. ಊರು ಬಿಡುವ ಮುಂಚೆ, ಅವಳು ಯಾವಾಗಲೂ ಕತ್ತರಿ ಹುಡುಕುತ್ತಾಳೆಂದು, ತನ್ನ ರೇಡಿಯೊದ ಸ್ಪೀಕರ್ ಒಡೆದು ಅವನೇ ತೆಗೆದುಕೊಟ್ಟ ಮ್ಯಾಗ್ನೆಟ್ಟು ಅದು.

"ಇನ್ನೂ ಇಟಗೊಂಡೀರಿ?"

"ಮತ್ತ ರೀ ಅಂದ್ರ ಇದs ಕತ್ತರೀಲೆ ಹೊಡಿತೇನಿ."

ಅವನು ತಲೆ ಎತ್ತಿ ನೋಡಿದ, ನೋಡುತ್ತಲೇ ಇದ್ದ. ಅವಳು ಬೇಕೆಂದೇ ಮುಖ ತಿರುಗಿಸಲಿಲ್ಲ.

ಅಷ್ಟರಲ್ಲಿ ಜಮಖಂಡಿಯಿಂದ ಶಿವಯೋಗೆಪ್ಪ ಬಂದರು. ಹಾಸು ನೋಡಿದ ಕೂಡಲೇ ಅವರ ಮುಖ ಕೆಂಪಾಯಿತು. ಅವರು ಬಾಯಿ ತೆರೆಯುವ ಮೊದಲೇ ಗುರುಪಾದ ಅಂದ, "ತಪ್ಪು ನಂದರಿ ಕಾಕಾ. ಹಚ್ಚೂ ಮುಂದ ಸರಿಯಾಗಿ ನೋಡಲಿಲ್ಲ. ಇನ್ನ ಬರಂಗಿಲ್ಲ." ಚೀಲ ಹೆಗಲಿಗೇರಿಸಿ ಬಾಗಿಲಿಗೆ ನಡೆದ.

"ಮತ್ತ ಹಂಗs ಹೊಂಟಿ?" ಪ್ರತಿಮಾ ಕೂಗಿದಳು. "ಹೋದ ಸಲನೂ ಹಿಂಗs ಹ್ವಾದಿ. ಅಪ್ಪಾ, ತಪ್ಪು ನಂದು. ಈ ಮ್ಯಾಗ್ನೆಟ್ ನಾ ಹಚ್ಚಿದ್ದು."

"ಹಂಗಾದ್ರ ತಗದ ಒಗಿ ಅದನ್ನ."

"ಒಗ್ಯಂಗಿಲ್ಲ. ಅವ ಕೊಟ್ಟಾನು."

ಶಿವಯೋಗೆಪ್ಪ ಮ್ಯಾಗ್ನೆಟ್ ನೋಡಿದರು, ಮಗಳನ್ನು ನೋಡಿದರು, ಬಾಗಿಲಲ್ಲಿ ನಿಂತವನನ್ನೂ ನೋಡಿದರು.

"ಮದಲ ಹರದ ಎಳಿ ಕಟ್ರಿ," ಎಂದರು. "ಇಬ್ಬರೂ ಕುಂತು ಕಟ್ರಿ. ಉಳದದ್ದು ಇವನ ಅಪ್ಪನ ಕೂಡ ಮಾತಾಡತೇನಿ."

ಪ್ರತಿಮಾ ಮ್ಯಾಗ್ನೆಟ್ಟನ್ನು ಮೊದಲಿನ ಜಾಗದಲ್ಲೇ ಅಂಟಿಸಿದಳು, ಕತ್ತರಿ ತಗುಲಿಸಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನಿನ್ನ ಸೆನ್ಸರ್ ಆಚಿ ಬಾಜೂಕ ಹಚ್ಚು. ಇದು ಇಲ್ಲೇ ಇರತೈತಿ."

ಗುರುಪಾದ ಚೀಲ ಇಳಿಸಿ ಅವಳ ಪಕ್ಕದಲ್ಲಿ ಕೂತ.

"ಆತ ಬಿಡು ಲೇ ಪ್ರತಿಮಾ," ಎಂದ.